ಜಂಪಣ್ಣ ತಾತನ ಪ್ರಕಟಣೆ

ಚಳ್ಳಕೆರೆಯ ಲೂಥರನ್ ಸಭೆಯಲ್ಲಿ ಪ್ರಸಂಗಕ್ಕೆ ಅಯ್ಯನವರು, ಪ್ರಕಟಣೆಗೆ ಜಂಪಣ್ಣ. ಪ್ರಸಂಗದಲ್ಲಿ ಜೊಂಪು ಹತ್ತಿದವರೂ ಜಂಪಣ್ಣ ಎದ್ದರೆಂದರೆ ಕಣ್ಣುಜ್ಜಿಕೊಂಡು ನೆಟ್ಟಗೆ ಕೂರುತ್ತಿದ್ದರು. ಮೊಳಕಾಲ್ಮೂರಿನಲ್ಲಿ ಮಗ್ಗ ನಡೆಸಿ ಮುದುಕರಾದ ಈ ಸಭಾಹಿರಿಯರು ಭಾನುವಾರ ಮೊದಲ ಬಸ್ಸಿಗೇ ಬಂದು, ವಾರದ ಸಮಾಚಾರವನ್ನೆಲ್ಲ ಕಲೆಹಾಕಿ ಮೈಕಿನ ಮುಂದೆ ನಿಲ್ಲುತ್ತಿದ್ದರು. ಹಲ್ಲಿನ ಸೆಟ್ಟು ಸಡಿಲ. ಮೈಕಿಗೆ ಸಿಕ್ಕರೆ ಅವರ ‘ಸ್ತೋತ್ರ’ ಕುಕ್ಕರ್ ಕೂಗಿದಂತೆ ‘ಶ್ಶ್ತೋತ್ರ’ ಆಗುತ್ತಿತ್ತು. ಒಂದು ಸುದ್ದಿಗೂ ಇನ್ನೊಂದಕ್ಕೂ ನಡುವೆ ‘ಆಮೇಲೇನಪ್ಪಾ ಅಂದ್ರೇ...’ ಇರಲೇಬೇಕು.

ಅಣಕಿಸಲು ಕಿರಣ್‌ಕುಮಾರನಿಗೆ ಅಷ್ಟೇ ಸಾಕಾಗಿತ್ತು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಅವನಿಗೆ ಊರವರ ಗಂಟಲೆಲ್ಲ ಬಾಯಿಪಾಠ. ಶನಿವಾರ ಯೌವನಸ್ಥರ ಕೂಟ ಮುಗಿಯುವುದೇ ತಡ, ಕೂಟದ ಹುಡುಗಿ ತೇಜಶ್ರೀ ಶುರು ಮಾಡುತ್ತಿದ್ದಳು: “ಅಣ್ಣಾ, ಜಂಪಣ್ಣ ತಾತನ್ನ ಮಾಡಣ್ಣಾ!”

ಕಿರಣ ಬೇಡ ಬೇಡ ಎನ್ನುತ್ತಲೇ ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸುತ್ತಿದ್ದ. “ಬರೋ ಶುಕ್ರವಾರ ದೇವಶ್ಶಮುದ್ರದಾಗೆ ಮನೆ ಪ್ರಾರ್ಥನೆ ಐತೆ. ಚಾ ಐತೆ, ಬಿಶ್ಶ್ಕತ್ತು ವಿಶ್ವಾಶ್ಶದ ಮೇಲೈತೆ. ಆಮೇಲೇನಪ್ಪಾ ಅಂದ್ರೇ... ಶ್ಶ್ತ್ರೀ ಶ್ಶಮಾಜದೋರು ಮುಂದಕ್ಕೆ ಬರ್ರಿ, ಶ್ಶ್ವರ್ಗದಾಗೆ ಹಿಂದಿನ ಬೆಂಚಿಲ್ಲ!”

ಹುಡುಗರು ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದರು.

ಆ ಭಾನುವಾರವೂ ಜಂಪಣ್ಣ ಎಂದಿನಂತೆ ಎದ್ದರು. ಮದುವೆ ಪ್ರಕಟಣೆ, ಸಂಡೇ ಸ್ಕೂಲು, ಎಲ್ಲ ಆಯಿತು. ಕೊನೆಗೆ ಕನ್ನಡಕ ತೆಗೆದರು.

“ಆಮೇಲೇನಪ್ಪಾ ಅಂದ್ರೇ... ನಮ್ಮನೆಯಾಕೆ ಶ್ಶೂರಮ್ಮ...”

ಹುಡುಗರ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆ ಕಿಸಕ್ಕು ಕಾಣಿಕೆ ಚೀಲಕ್ಕಿಂತ ಬೇಗ ಬೆಂಚಿನಿಂದ ಬೆಂಚಿಗೆ ದಾಟಿತು. ಕಿರಣನೂ ನಕ್ಕ. ತನ್ನ ಅಣಕು ಎಷ್ಟು ಕರಾರುವಾಕ್ಕಾಗಿದೆ ಎಂದು ಒಳಗೊಳಗೇ ಬೀಗಿದ. ಆಮೇಲೆ ಉಳಿದ ಮಾತು ಕೇಳಿಸಿತು.

“...ದವಾಖಾನೆಯಾಗವ್ಳೆ. ಎದೇಲಿ ನೀರು ತುಂಬೈತಂತೆ. ಪ್ರಾರ್ಥನೆ ಮಾಡ್ರಿ.”

ನಗು ಅಲ್ಲಲ್ಲೇ ಸತ್ತಿತು. ಜಂಪಣ್ಣ ಚೀಟಿ ಮಡಚಿ ಕೆಳಗಿಳಿದರು.

ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಜಂಪಣ್ಣ ಕಿರಣನ ತೋಳು ಹಿಡಿದರು. “ಏಮಪ್ಪಾ ಕಿರಣಾ, ಓದಿದೋನು ನೀನು, ನಿಜ ಹೇಳು. ಮನೆ ಸುದ್ದೀನ ಸಭೆ ಸುದ್ದಿಯಾಗೆ ಸೇರಿಸ್ಬಾರ್ದಿತ್ತಾ? ಅದ್ಕೇ ನಕ್ರಾ?”

“ಅಯ್ಯೋ, ಹಂಗೇನಿಲ್ಲ ತಾತ. ಹುಡುಗ್ರು ಏನೋ...”

“ಇಲ್ಲಪ್ಪಾ, ನಂದೇ ತಪ್ಪು. ಬರೋ ವಾರ ನೀನೇ ಓದು. ನಂಗೆ ಎದ್ದು ನಿಲ್ಲಾಕೆ ನಾಚಿಕೆ ಆಗ್ತೈತೆ.”

ಯಾರಿಗೆ ಆಗಬೇಕಾದ ನಾಚಿಕೆ, ಯಾರಿಗೆ ಆಗುತ್ತಿದೆ! ಊರವರೆಲ್ಲರ ಮಾತು ಸಲೀಸಾಗಿ ಆಡುತ್ತಿದ್ದ ಕಿರಣನ ಬಾಯಿಂದ ಅವನದೇ ಒಂದು ಮಾತು, ‘ನಂದು ತಪ್ಪಾಯ್ತು’ ಅನ್ನುವಷ್ಟು, ಹೊರಡಲಿಲ್ಲ.

ಮುಂದಿನ ಭಾನುವಾರ ಸಭೆಯ ಎದುರೇ ಹೇಳಿಬಿಡಬೇಕೆಂದು ಮೈಕಿನ ಮುಂದೆ ನಿಂತ. ಜಂಪಣ್ಣ ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿದ್ದರು. ಸೂರಮ್ಮಜ್ಜಿಗಾಗಿ ಪ್ರಾರ್ಥನೆ ಕೇಳಿದ. ಮುಂದಿನ ಮಾತು ತಪ್ಪೊಪ್ಪಿಗೆಯದು. ಹೆದರಿಕೆಯಲ್ಲಿ ನಾಲಿಗೆ ರೂಢಿಯ ದಾರಿ ಹಿಡಿಯಿತು: “ಆಮೇಲೇನಪ್ಪಾ ಅಂದ್ರೇ...”

ಅದೇ ರಾಗ, ಅದೇ ಎಳೆತ. ಸಭೆ ಗೊಳ್ಳೆಂದಿತು. ಅಯ್ಯನವರೂ ಕರವಸ್ತ್ರ ಬಾಯಿಗಿಟ್ಟುಕೊಂಡರು.

ಜಂಪಣ್ಣ ನಗಲಿಲ್ಲ. ಯಾರೋ ಹೊರಗಿನಿಂದ ಹೆಸರು ಹಿಡಿದು ಕೂಗಿದಂತೆ ಕತ್ತು ವಾಲಿಸಿ ಕೇಳಿದರು. ನಿಧಾನವಾಗಿ ಅವರ ಕೈ ಬಾಯಿಯ ಮೇಲೆ ಹೋಯಿತು.

“ನಗಬೇಡ್ರಿ,” ಎಂದ ಕಿರಣ. “ಹೋದ ವಾರ ನೀವು ನಕ್ಕಿದ್ದು ನನ್ನ ಅಣಕಿಗೆ, ತಾತಂಗಲ್ಲ. ತಪ್ಪು ನಂದು.”

ಅದಕ್ಕೂ ನಕ್ಕರು. ಇದರ ಹಿಂದೆಯೇ ಇನ್ನೊಂದು ತಮಾಷೆ ಬರುತ್ತದೆಂದು ಕಾದರು.

ಆರಾಧನೆ ಮುಗಿದು ಕಿರಣ ಬಸ್‌ಸ್ಟ್ಯಾಂಡಿಗೆ ಓಡಿದಾಗ ಮೊಳಕಾಲ್ಮೂರು ಬಸ್ಸಿನ ಕಿಟಕಿಯಲ್ಲಿ ಜಂಪಣ್ಣ ಸಿಕ್ಕರು. ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು.

“ಹಂಗೇನಾ ನಾನು ಮಾತಾಡೋದು?”

“ಅಲ್ಲ ತಾತ, ನಂದು ತಪ್ಪು, ನಾನು...”

“ಅಲ್ಲ ಅನ್ಬೇಡ. ಹಂಗೇ ಐತೆ.” ಹೆಂಡತಿಯ ಹೆಸರಿನ ‘ಸೂ’ ಬಾಯಿಗೆ ಬಂದೊಡನೆ ತಡೆದರು. “ನಮ್ಮಾಕೆ ಗುಣ ಆಗಿ ಬಂದ್ಮೇಲೆ ಅವಳ ಮುಂದೆ ಮಾತ್ರ ಮಾಡ್ಬೇಡಪ್ಪಾ. ನಾನು ಭಾಳ ಚೆಂದಾಗಿ ಓದ್ತೀನಿ ಅಂದ್ಕಂಡವ್ಳೆ.”

ಬಸ್ಸು ಹೊರಟಿತು. ಟವೆಲ್ ಬಾಯಿಂದ ಕೆಳಗಿಳಿಯಲಿಲ್ಲ.