ಅಮ್ಮನವರ ಬಲಗಡೆ

"ಪಾಪು ಜೊತೆ ಕೂರೋರು ಯಾರು?" ಎಂದು ಗಾಡಿ ಹತ್ತಿಸುವ ಕಟ್ಟೆಯ ಮೇಲೆ ನಿಂತಿದ್ದ ಹೆಂಗಸು ಎರಡನೇ ಸಲ ಕೇಳಿದಳು. ಅವಳ ನೀಲಿ ಟೀ ಶರ್ಟಿನ ಮೇಲೆ ಅಕ್ಬರಿ ಎಂದು ಹೆಸರಿನ ಪಟ್ಟಿ ಇತ್ತು. "ಹನ್ನೆರಡು ವರ್ಷದೊಳಗಿನ ಮಕ್ಳನ್ನ ಒಬ್ರನ್ನೇ ಬಿಡಲ್ಲ. ದೊಡ್ಡೋರು ಹಿಂದೆ ಕೂರ್ಬೇಕು. ಬ್ರೇಕ್ ಅವ್ರ ಕೈಲೇ ಇರುತ್ತೆ."

ಬ್ರೇಕ್ ಎಂಬ ಮಾತು ಬಂದದ್ದೇ ತಡ, ಕೊಡಿಗೇಹಳ್ಳಿಯಿಂದ ಬಂದಿದ್ದ ಆ ಕುಟುಂಬ ದಿಕ್ಕಿಗೊಬ್ಬರಂತೆ ನೋಡಿತು. ಶಾಂತಲಾ ಕೈಚೀಲದಲ್ಲಿ ಏನೋ ಹುಡುಕತೊಡಗಿದಳು. ಅವಳ ಮೈದುನ ಅನಂತರಾಜು ಕೈಯ ಚಿನ್ನದ ಬ್ರೇಸ್‌ಲೆಟ್ ತಿರುಗಿಸಿಕೊಂಡ. ಅತ್ತೆ ವೆಂಕಟಲಕ್ಷ್ಮಮ್ಮನವರಿಗೆ ಆಕಾಶದಲ್ಲಿ ಏನೋ ಕಂಡಿತು. ಗಂಡ ಮಹೇಂದ್ರ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. ಹತ್ತು ವರ್ಷದ ಮೋನಿಕಾ ಒಬ್ಬಳೇ ನೇರವಾಗಿ ಅಪ್ಪನನ್ನು ನೋಡುತ್ತಿದ್ದಳು.

ಇಲ್ಲಿಗೆ ಬರಬೇಕೆಂದವಳೂ ಅವಳೇ. ದಸರಾ ರಜೆಗೆ ಎರಡು ದಿನ ಎಲ್ಲಾದರೂ ಹೋಗೋಣ ಎಂದಾಗ ಅನಂತರಾಜು ಊಟಿ ಎಂದಿದ್ದ, ವೆಂಕಟಲಕ್ಷ್ಮಮ್ಮ ಧರ್ಮಸ್ಥಳ ಎಂದಿದ್ದರು. ಮೋನಿಕಾ ಫೋನು ತಂದು ಒಂದು ವಿಡಿಯೋ ಹಾಕಿದಳು. ವಿಮಾನ ನಿಲ್ದಾಣ ದಾಟಿ ಇನ್ನೊಂದು ಗಂಟೆ ಹೋದರೆ ಬೆಟ್ಟದ ಮೇಲೆ ಹೊಸದೊಂದು ರೆಸಾರ್ಟು. ಅಲ್ಲಿ ಬೆಟ್ಟದ ಮೈಯುದ್ದಕ್ಕೂ ಕಬ್ಬಿಣದ ಹಳಿ ಹಾಕಿ, ಇಬ್ಬರು ಕೂರುವ ಪುಟ್ಟ ಗಾಡಿ ಬಿಟ್ಟಿದ್ದರು. ತಂತಿಯ ಹಗ್ಗ ಗಾಡಿಯನ್ನು ತುದಿಯವರೆಗೆ ಎಳೆದೊಯ್ಯುತ್ತದೆ. ಅಲ್ಲಿಂದಾಚೆಗೆ ಇಂಜಿನ್ನಿಲ್ಲ, ತನ್ನ ಭಾರಕ್ಕೆ ತಾನೇ ಮರಗಳ ಮಧ್ಯೆ ಸುತ್ತುತ್ತ ಇಳಿಯುತ್ತದೆ. ಎರಡು ಪಕ್ಕದಲ್ಲೂ ಒಂದೊಂದು ಹಿಡಿ. ಮುಂದಕ್ಕೆ ತಳ್ಳಿದರೆ ಓಟ, ಹಿಂದಕ್ಕೆ ಎಳೆದರೆ ಬ್ರೇಕು. "ಮೌಂಟನ್ ಕೋಸ್ಟರ್. ಇದಕ್ಕೇ ಹೋಗೋಣ," ಎಂದ ಮೋನಿಕಾ ಫೋನನ್ನು ಮಹೇಂದ್ರನ ಕೈಗಿಟ್ಟು, "ನಾನೂ ಅಪ್ಪಾನೂ," ಎಂದಳು.

ಒಂದೂವರೆ ವರ್ಷದಲ್ಲಿ ಮಗಳು ಅವನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಒಂದೂವರೆ ವರ್ಷದ ಹಿಂದೆ ಚಿಕ್ಕಜಾಲದ ಹತ್ತಿರ, ಹೆದ್ದಾರಿ ಪಕ್ಕದ ಸರ್ವೀಸ್ ರಸ್ತೆಯಲ್ಲಿ, ಅಪ್ಪ ಮಗಳು ಸ್ಕೂಟರಿನಲ್ಲಿ ನೆಂಟರ ಮನೆಯಿಂದ ಬರುತ್ತಿದ್ದರು. ಹಿಂದೆ ಕೂತಿದ್ದ ಮೋನಿಕಾ "ಇನ್ನೂ ಜೋರಾಗಿ ಅಪ್ಪ" ಎಂದಳು. ಮಹೇಂದ್ರ ಜೋರಾಗಿ ಬಿಟ್ಟ. ತಿರುವಿನಲ್ಲಿ ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳು ರಸ್ತೆಗೆ ಹರಡಿಕೊಂಡಿತ್ತು. ಸ್ಕೂಟರ್ ಜಾರಿತು. ಅವನಿಗೆ ಮೊಣಕೈ ತರಚಿತು, ಅಷ್ಟೆ. ಮಗಳ ಗಲ್ಲಕ್ಕೆ ನಾಲ್ಕು ಹೊಲಿಗೆ ಬಿತ್ತು. ಅಂದಿನಿಂದ ಸ್ಕೂಟರಿಗೆ ಟಾರ್ಪಾಲು ಹೊದಿಸಿಯೇ ಇದೆ. ಮಹೇಂದ್ರ ತನ್ನ ಎಲೆಕ್ಟ್ರಿಕಲ್ ಅಂಗಡಿಗೆ ನಡೆದುಕೊಂಡೇ ಹೋಗುತ್ತಾನೆ. ಕಾರು ಓಡಿಸುವುದನ್ನು ಶಾಂತಲಾ ಕಲಿತಳು. ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಗಳು ಪೆನ್ಸಿಲ್ ಬೇಕಾದರೂ ಅಮ್ಮನನ್ನೋ ಚಿಕ್ಕಪ್ಪನನ್ನೋ ಕೇಳತೊಡಗಿದಳು.

"ಬಾ ಮೋನಿ, ನಾನಿಲ್ವಾ?" ಎಂದ ಅನಂತರಾಜು. "ಬ್ರೇಕ್ ಯಾವೋನಿಗ್ ಬೇಕು? ಹಾರಿಸ್ಕೊಂಡ್ ಹೋಗ್ಬಿಡೋಣ."

"ಬೇಡ ಚಿಕ್ಕಪ್ಪ. ಅಪ್ಪ ಬಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಬೇಡ."

ಅವಳು ಹಟ ಮಾಡಲಿಲ್ಲ, ಅಳಲೂ ಇಲ್ಲ. ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು. ಮಹೇಂದ್ರನಿಗೆ ಬೇರೆ ದಾರಿ ಕಾಣದೆ, ಬೆಳಗ್ಗೆಯಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ವಿಷಯ ಹೊರಬಿತ್ತು.

"ಅಮ್ಮಾ, ನಾನು ಹೂ ಕೇಳ್ದೆ. ಎಡಗಡೆ ಆಯ್ತು. ಅದಕ್ಕೇ ಬೇಡ ಅಂತಿರೋದು."

ಹೂ ಕೇಳುವುದು ಅವರ ಮನೆಯಲ್ಲಿ ವೆಂಕಟಲಕ್ಷ್ಮಮ್ಮನವರ ಖಾತೆ. ದೇವರ ಗೂಡಿನ ಗಂಗಮ್ಮನ ಬೆಳ್ಳಿ ಮುಖದ ಎರಡೂ ಪಕ್ಕಕ್ಕೆ ಒದ್ದೆ ಕಣಗಿಲೆ ಹೂ ಅಂಟಿಸಿ, ಕೈಮುಗಿದು ಕೇಳಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಬೋರ್‌ವೆಲ್ ಕೊರೆಸುವುದಕ್ಕೂ ಮದುವೆ ಗೊತ್ತು ಮಾಡುವುದಕ್ಕೂ ಆಕೆ ಹೀಗೇ ಕೇಳಿದ್ದರು. ಕೇಳುವುದು ಆಕೆಯ ಕೆಲಸ, ಹೂಂಗುಟ್ಟುವುದು ಉಳಿದವರ ಕೆಲಸ. ಯಾವ ಹೂ ಬಿತ್ತೆಂದು ಬಗ್ಗಿ ನೋಡುವ ಗೋಜಿಗೆ ಮಕ್ಕಳಿಬ್ಬರೂ ಎಂದೂ ಹೋಗಿರಲಿಲ್ಲ.

"ಊವ ಕೇಳ್ದಾ? ನೀನಾ?" ವೆಂಕಟಲಕ್ಷ್ಮಮ್ಮ ಆಕಾಶವನ್ನು ಬಿಟ್ಟು ಮಗನನ್ನು ನೋಡಿದರು. "ಯಾವಾಗ್ಲೋ?"

"ನೀನು ಸ್ನಾನಕ್ಕೆ ಹೋಗಿದ್ದಾಗ. ಮೋನಿ ಜೊತೆ ಕೂತ್ಕೊಳ್ಲಾ ಅಂತ ಕೇಳ್ದೆ."

"ಎಡಗಡೆ ಅಂದ್ರೆ ಎತ್ತಾಗೆ?"

"ಎಡಗಡೆ ಅಂದ್ರೆ ಎಡಗಡೆ ಕಣಮ್ಮ. ಈ ಕಡೆ." ಮಹೇಂದ್ರ ತನ್ನ ಎಡಗೈ ಎತ್ತಿ ತೋರಿಸಿದ.

ವೆಂಕಟಲಕ್ಷ್ಮಮ್ಮ ಚೀಲವನ್ನು ಸೊಸೆಯ ಕೈಗೆ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗನ ಎದುರಿಗೆ ಬಂದು, ಎದುರುಬದುರಾಗಿ ನೆಟ್ಟಗೆ ನಿಂತರು. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು.

"ನಾನೇ ಗಂಗಮ್ಮ ಅನ್ಕೋ. ಗೂಡಲ್ಲಿ ಕುಂತಿವ್ನಿ. ಊವ ಎಲ್ ಬಿತ್ತು, ಮುಟ್ಟಿ ತೋರ್ಸು."

"ಅಮ್ಮಾ, ಜನ ನೋಡ್ತವ್ರೆ..."

"ನೋಡ್ಲಿ. ತೋರ್ಸು."

ಮಹೇಂದ್ರ ಎಡಗೈ ಚಾಚಿ ತಾಯಿಯ ಭುಜ ಮುಟ್ಟಿದ.

"ಇದು ಯಾವ್ ಭುಜನೋ?"

ಅವನು ನೋಡಿದ. ಇನ್ನೊಮ್ಮೆ ನೋಡಿದ. "ಬಲ," ಎಂದ.

"ಊವ ಕೊಡೋಳು ಅವಳಾ ನೀನಾ? ಅವಳ ಬಲಾನೇ ಬಲ. ನಲವತ್ತೆರಡು ವರ್ಸ ಆಯ್ತು, ಇಷ್ಟು ಗೊತ್ತಾಗ್ಲಿಲ್ವೇನೋ ಎಮ್ಮೆ! ತಾಯಿ ಓಗು ಅಂತ ಕೊಟ್ಟವ್ಳೆ, ಇವನು ಬೆಳಗಿಂದ ಮುಖ ಊದಿಸ್ಕೊಂಡು ಕುಂತವ್ನೆ."

ಸಾಲಿನಲ್ಲಿ ಯಾರೋ ನಕ್ಕರು. ಅಕ್ಬರಿಯೂ ಮುಖ ತಿರುಗಿಸಿಕೊಂಡು ನಕ್ಕಳು. ಮಹೇಂದ್ರನಿಗೆ ಇನ್ನು ನೆಪವೇನೂ ಉಳಿಯಲಿಲ್ಲ. ಭಯ ಮಾತ್ರ ಇದ್ದ ಹಾಗೇ ಇತ್ತು. ಅವನು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಇಷ್ಟು ಹತ್ತಿರದಿಂದ ಆ ಗಲ್ಲದ ಗೆರೆಯನ್ನು ಅವನು ನೋಡಿ ಬಹಳ ದಿನವಾಗಿತ್ತು.

"ನಂಗೆ ಭಯ ಕಣಮ್ಮ," ಎಂದ.

"ಗೊತ್ತು," ಎಂದಳು ಮೋನಿಕಾ. "ಚಿಕ್ಕಪ್ಪಂಗೆ ಭಯಾನೇ ಇಲ್ಲ. ಅದಕ್ಕೇ ಅವ್ರು ಬೇಡ ಅಂದಿದ್ದು."

ಅನಂತರಾಜು ಬ್ರೇಸ್‌ಲೆಟ್ ತಿರುಗಿಸುವುದನ್ನು ನಿಲ್ಲಿಸಿದ. ಮಹೇಂದ್ರ ಷರ್ಟಿನ ಜೇಬಿನಿಂದ ಕಣಗಿಲೆ ಹೂವನ್ನು ತೆಗೆದ. ಬೇಡವೆಂದು ಬಂದ ಹೂವಾದರೂ ದೇವರದು, ಕಸಕ್ಕೆ ಹಾಕುವ ಹಾಗಿಲ್ಲ ಎಂದು ಜೇಬಿಗೆ ಹಾಕಿಕೊಂಡಿದ್ದ. ಬಾಡಿದ್ದ ಹೂವನ್ನು ಮಗಳ ಜಡೆಗೆ ಸಿಕ್ಕಿಸಿ ಎದ್ದು ನಿಂತ.

"ನಾನೇ ಕೂರ್ತೀನಿ, ಮೇಡಂ."

ಮೋನಿಕಾ ಮುಂದೆ, ಅವನು ಹಿಂದೆ. ಅಕ್ಬರಿ ಬೆಲ್ಟು ಬಿಗಿದು, ಎರಡು ಸಲ ಎಳೆದು ನೋಡಿ, ಹಿಡಿಗಳನ್ನು ತೋರಿಸಿಕೊಟ್ಟಳು. ಗಾಡಿ ಟಕಟಕ ಸದ್ದು ಮಾಡುತ್ತ ಮೇಲೇರಿತು. ಏರಿದಷ್ಟೂ ಬಯಲು ಅಗಲವಾಯಿತು. ದೂರದ ಮಂಜಿನಲ್ಲಿ ಒಂದು ವಿಮಾನ ಇಳಿಯುತ್ತಿತ್ತು. ಅದರಾಚೆ ಎಲ್ಲೋ ಚಿಕ್ಕಜಾಲ ಇರಬೇಕು ಎಂದು ಅವನ ಕಣ್ಣು ಬೇಡವೆಂದರೂ ಹುಡುಕಿತು. ತುದಿಯಲ್ಲಿ ಹಗ್ಗ ಕಳಚಿದ್ದೇ ಅವನು ಎರಡೂ ಹಿಡಿಗಳನ್ನು ಶಕ್ತಿಯೆಲ್ಲ ಹಾಕಿ ಹಿಂದಕ್ಕೆಳೆದ. ಗಾಡಿ ಕಿರ್ ಎಂದು ನಿಂತೇಹೋಯಿತು.

"ಮೇಲೆ ಗಾಡಿ ನಿಲ್ಲಿಸ್ಬೇಡಿ," ಎಂದು ಕಂಬದ ಮೇಲಿನ ಮೈಕು ಕೂಗಿತು.

ಕೈ ಮಾತು ಕೇಳಲಿಲ್ಲ. ಮೋನಿಕಾ ತಿರುಗಲಿಲ್ಲ. ಎದುರಿನ ಮರಗಳನ್ನು ನೋಡುತ್ತಲೇ, ಮೆಲ್ಲಗೆ ಹೇಳಿದಳು.

"ಅಪ್ಪ, ಅವತ್ತು ಮರಳಿತ್ತು. ಇಲ್ಲಿ ಮರಳಿಲ್ಲ. ನಾನು ವಿಡಿಯೋನಲ್ಲಿ ಎಲ್ಲಾ ತಿರುವೂ ನೋಡಿದ್ದೀನಿ."

ಹುಡುಗಿ ತನ್ನ ಮೇಲೆ ಮುನಿದಿದ್ದಾಳೆಂದು ಮಹೇಂದ್ರ ಒಂದೂವರೆ ವರ್ಷ ಕೊರಗಿದ್ದ. ಅವಳು ಮರಳಿಲ್ಲದ ದಾರಿ ಹುಡುಕುತ್ತಿದ್ದಳು. ಅವನು ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ. ಗಾಡಿ ಕದಲಿತು. ಮೊದಲ ತಿರುವಿನಲ್ಲಿ ಮತ್ತೆ ಎಳೆದ, ಎರಡನೆಯದರಲ್ಲಿ ಕಡಿಮೆ ಎಳೆದ. ಮೂರನೆಯದು ತಾನಾಗಿ ದಾಟಿಹೋಯಿತು. ಆಮೇಲೆ ನೇರ ಇಳಿಜಾರು, ನೀಲಗಿರಿ ಮರಗಳ ವಾಸನೆ, ಮುಖಕ್ಕೆ ಬಡಿಯುವ ಗಾಳಿ.

"ಇನ್ನೂ ಜೋರಾಗಿ, ಅಪ್ಪ!"

ಅವನು ಮುಂದಿನ ಹಳಿಯನ್ನು ಕಣ್ಣು ಹಾಯುವಷ್ಟು ದೂರ ನೋಡಿದ. ಸ್ವಚ್ಛವಾಗಿತ್ತು. ಹಿಡಿಗಳನ್ನು ಪೂರ್ತಿ ಮುಂದಕ್ಕೆ ತಳ್ಳಿದ.

ಕೆಳಗೆ ಕಾಯುತ್ತಿದ್ದವರಿಗೆ ಮೊದಲು ಕೇಳಿಸಿದ್ದು ಕಿರುಚಾಟ.

"ಅತ್ತೆ, ಯಾರದು?" ಎಂದು ಶಾಂತಲಾ ಗಾಬರಿಯಿಂದ ಅತ್ತೆಯ ಕೈ ಹಿಡಿದಳು.

"ನಿನ್ನ ಗಂಡ ಕಣೇ," ಎಂದರು ವೆಂಕಟಲಕ್ಷ್ಮಮ್ಮ. "ಚಿಕ್ಕೋನಿದ್ದಾಗ ಉಯ್ಯಾಲೆ ಮೇಲೆ ಕುಂತ್ರೂ ಇಂಗೇ ಕೂಗೋನು."

ಗಾಡಿ ಬಂದು ನಿಂತಿತು. ಬೆಲ್ಟು ಬಿಚ್ಚುವ ಮೊದಲೇ ಮೋನಿಕಾ ಜಡೆ ಮುಟ್ಟಿ ನೋಡಿಕೊಂಡಳು.

"ಅಜ್ಜೀ, ಹೂ ಬಿದ್ದೋಯ್ತು!"

"ಯಾವ ಕಡೆ ಬಿತ್ತೇ?" ಎಂದರು ವೆಂಕಟಲಕ್ಷ್ಮಮ್ಮ.

ಮೋನಿಕಾಗೆ ಅದು ಕೇಳಿಸಲಿಲ್ಲ. ಅವಳು ಆಗಲೇ ಅಪ್ಪನ ಕೈ ಹಿಡಿದು, ಟಿಕೆಟ್ಟಿನ ಸಾಲಿನ ಕಡೆಗೆ ಎಳೆದುಕೊಂಡು ಹೋಗುತ್ತಿದ್ದಳು.