ಇಂಗುಗುಂಡಿಗೆ ಬಂದ ಮೂರು ಕಚೇರಿ

ಪುಂಗೋಲಿನ ನಮ್ಮ ಫ್ಲ್ಯಾಟ್ ಬ್ಲಾಕಿನ ಹಿಂದೆ ಒಂದು ಹುಲ್ಲಿನ ದಿಬ್ಬ, ಅದರ ಬುಡದಲ್ಲಿ ನಿವಾಸಿಗಳ ತೋಟ, ಅದರಾಚೆ ಚರಂಡಿ. ಮಳೆ ಬಂದಾಗಲೆಲ್ಲ ದಿಬ್ಬದ ಮಣ್ಣು ಕೊಚ್ಚಿಕೊಂಡು ಬಂದು, ನಮ್ಮ ಪಾತಿಗಳನ್ನು ಹಾಳುಮಾಡಿ ಚರಂಡಿ ಸೇರುತ್ತಿತ್ತು. ಇನ್ನೊಮ್ಮೆ ಚರಂಡಿಯಲ್ಲಿ ಕೆಸರು ಕಂಡರೆ ತೋಟ ಮುಚ್ಚಿಸುತ್ತೇವೆ ಎಂದು ಸರ್ಕಾರದ ಪತ್ರ ಬಂತು. ಈ ಪರದೇಶದ ಊರಿಗೆ ಬಂದು ಹದಿನೆಂಟು ವರ್ಷವಾದರೂ ನನ್ನದು ಅನ್ನಿಸಿದ್ದು ಅಲ್ಲಿನ ಎರಡು ಪಾತಿ ದಂಟಿನ ಸೊಪ್ಪು ಮಾತ್ರ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ದಿಬ್ಬ ಒಂದು ಕಚೇರಿಯದು, ತೋಟ ಇನ್ನೊಂದರದು, ಚರಂಡಿ ಮತ್ತೊಂದರದು. ಎರಡು ವರ್ಷ ಮೂರಕ್ಕೂ ಅಲೆದೆ. ಎಲ್ಲರೂ ಬಹಳ ನಯವಾಗಿ ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಮದುವೆಗೆ ಮುಂಚೆ ನಾನು ಹಿರಿಯೂರಿನ ಜಲಾನಯನ ಕಚೇರಿಯಲ್ಲಿದ್ದೆ. ಅಲ್ಲಿ ಊರಿಗೊಂದು ಸಮಿತಿ. ಮಣ್ಣೂ ಅವರದೇ, ನೀರೂ ಅವರದೇ. ಎಷ್ಟೇ ಜಗಳ ಆಡಲಿ, ಒಂದೇ ಜಮಖಾನದ ಮೇಲೆ ಕೂತು ಆಡುತ್ತಿದ್ದರು. ಇಲ್ಲಿ ಯಾರ ಜೊತೆ ಜಗಳ ಆಡಬೇಕು ಎಂಬುದೇ ತಿಳಿಯದೆ ತಲೆ ಕೆಟ್ಟುಹೋಯಿತು.

ಒಂದು ಭಾನುವಾರ ಗುದ್ದಲಿ ಹಿಡಿದು ದಿಬ್ಬದ ಬುಡದಲ್ಲಿ ಆರು ಇಂಗುಗುಂಡಿ ತೋಡಿದೆ. ಹರಿಯುವ ನೀರು ಅಲ್ಲೇ ನಿಂತು ಭೂಮಿಗೆ ಇಳಿಯಲಿ, ಮಣ್ಣು ತಳದಲ್ಲಿ ಉಳಿಯಲಿ ಎಂದು.

ತೋಟದ ಲೀಡರ್ ದತ್ತಾತ್ರೇಯ ಮೈಸೂರಿನವರು. ಗುಂಡಿ ನೋಡಿ ಗಾಬರಿಯಾದರು. “ಶಾಮಲಾ ಅವ್ರೇ, ಪರ್ಮಿಷನ್ ತಗೊಂಡ್ರಾ?”

“ಯಾರ ಹತ್ರ ತಗೊಳ್ಲಿ, ನೀವೇ ಹೇಳಿ. ಎಲ್ಲಾ ಕಡೆ ಈಮೇಲ್ ಫಾರ್ವರ್ಡ್ ಮಾಡ್ತಾರೆ ಅಷ್ಟೇ.”

“ನೀರು ನಿಂತ್ರೆ ಡೆಂಗಿ ಪ್ರಾಬ್ಲಮ್ ಆಗುತ್ತೆ.”

“ಅರ್ಧ ದಿನದಲ್ಲಿ ಇಂಗುತ್ತೆ ಬಿಡಿ. ನಂಗೆ ಇದು ಹೊಸದಲ್ಲ.”

ಮರುದಿನ ಜೋರು ಮಳೆ. ಚರಂಡಿಗೆ ಒಂದು ಹಿಡಿ ಮಣ್ಣೂ ಹೋಗಲಿಲ್ಲ. ಬೀಗಿಹೋದೆ, ಫೋಟೋ ತೆಗೆದು ಮೂರೂ ಕಚೇರಿಗೆ ಕಳಿಸಿದೆ. ಆದರೆ ಇದು ಹಿರಿಯೂರಿನ ನೆಲವಲ್ಲ, ಅಡಿಯಲ್ಲೆಲ್ಲ ಅಂಟು ಜೇಡಿ. ವಾರವಾದರೂ ಗುಂಡಿಯ ನೀರು ಇಳಿಯಲಿಲ್ಲ.

ಎಂಟನೆಯ ದಿನ ಮೂರೂ ಕಚೇರಿಯವರು ಬಂದರು. ಎರಡು ವರ್ಷದಲ್ಲಿ ಮೊದಲ ಸಲ, ಒಟ್ಟಿಗೆ. ಒಬ್ಬ ಗುಂಡಿಯ ನೀರನ್ನು ಸೌಟಿನಲ್ಲಿ ಎತ್ತಿ ಬಿಳಿ ತಟ್ಟೆಗೆ ಸುರಿದ. ಅದರ ತುಂಬ ಸೊಳ್ಳೆಯ ಮರಿಹುಳುಗಳು. ತಪ್ಪು ನನ್ನದೇ, ನಾಚಿಕೆಯಾಯಿತು. ಗುಂಡಿ ಮುಚ್ಚಬೇಕು, ತೋಟವನ್ನೂ ಮುಚ್ಚಬೇಕು ಎಂದು ಐದೇ ನಿಮಿಷದಲ್ಲಿ ಮೂವರೂ ಒಪ್ಪಿ ಸಹಿ ಹಾಕಿದರು.

ಗುಂಡಿಗೆ ಮಣ್ಣು ಎಳೆಯುತ್ತಾ ಕೇಳಿದೆ, ನಾಳೆ ಮಳೆ ಬಂದರೆ ದಿಬ್ಬದ ಮಣ್ಣನ್ನು ನಿಮ್ಮಲ್ಲಿ ಯಾರು ಹಿಡಿಯುತ್ತೀರಿ ಎಂದು. ಅವರಲ್ಲೊಬ್ಬಳು ಬಹಳ ನಯವಾಗಿ, ಒಂದು ಈಮೇಲ್ ಕಳಿಸಿ ಎಂದಳು.