ಧನಿಷ್ಠೆಗೆ ಹಲಸೂರು ಗೊತ್ತಿಲ್ಲ

ಮಾರಕ್ಕ ಬೀರುವಿನಿಂದ ಸೀರೆ ತೆಗೆದು ಬ್ಯಾಗಿಗೆ ತುಂಬುತ್ತಿದ್ದಳು; ಪದ್ಮಶ್ರೀ ಅದೇ ಸೀರೆಗಳನ್ನು ಬ್ಯಾಗಿನಿಂದ ತೆಗೆದು ಬೀರುವಿಗೆ ವಾಪಸು ಇಡುತ್ತಿದ್ದಳು. ನಡುಮನೆಯಲ್ಲಿ ಪದ್ಮಶ್ರೀಯ ಗಂಡ ಕೆಂಪರಾಜ್ ಮೇಷ್ಟ್ರ ಹೆಣವಿತ್ತು.

"ಅಕ್ಕಾ, ನಾನು ಎಲ್ಲಿಗೂ ಬರಲ್ಲ."

"ಹಂಗಂದ್ರೆ ಹೆಂಗಮ್ಮ? ಧನಿಷ್ಠಾ ನಕ್ಷತ್ರದಾಗೆ ಹೋಗವ್ರೆ. ಆರು ತಿಂಗ್ಳು ಮನೆಗೆ ಬೀಗ ಹಾಕ್ಬೇಕು. ಇಲ್ದಿದ್ರೆ ಇನ್ನೊಂದು ಹೆಣ ಬೀಳ್ತದೆ."

ಮಾರಕ್ಕನ ಗಂಡ, ಮೇಷ್ಟ್ರ ಅಣ್ಣ ಮುನಿಆಂಜನಪ್ಪ ಬಾಗಿಲಲ್ಲೇ ನಿಂತು ಹೇಳಿದ: "ದೊಡ್ಡನೆಕ್ಕುಂದೀಲಿ ನಿಂಗೆ ರೂಮ್ ರೆಡಿ ಐತೆ. ಮಣ್ಣು ಮಾಡಿ ಬಂದ್ಮೇಲೆ ಹೊರಡೋದೇ."

ಹಲಸೂರಿನ ಶಾಲೆಯಲ್ಲಿ ಜೀವಮಾನವೆಲ್ಲ ತಾರಾಲಯ ನಡೆಸಿದವನ ಮನೆಗೆ ನಕ್ಷತ್ರದ ಹೆಸರಲ್ಲೇ ಬೀಗ! ಪದ್ಮಶ್ರೀಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಹೆಣದ ಬಳಿ ಕೂತಿದ್ದ ರೇವತಿ ಎದ್ದು ಬಂದಳು. ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ಈಗ ಅದೇ ತಾರಾಲಯದಲ್ಲಿ ಪಾಠ ಹೇಳುವವಳು.

"ಮನೆ ಬಿಡ್ಸೋ ನಕ್ಷತ್ರ ಐದು ಅಲ್ವಾ ದೊಡ್ಡಪ್ಪ? ಅದ್ರಲ್ಲಿ ಕೊನೇದು ರೇವತಿ. ನಾನೇ ಬಂದ್ಬಿಟ್ಟಿದೀನಿ. ಯಾರ್ಯಾರು ಮನೆ ಬಿಡ್ತೀರಾ?"

ಯಾರೋ ಕಿಸಕ್ಕನೆ ನಕ್ಕರು. ಮುನಿಆಂಜನಪ್ಪ ಕೆಂಡವಾದ.

*

ರೇವತಿ ಮೇಷ್ಟ್ರ ಶಾಲೆಯಲ್ಲಿ ಏಳನೇ ಕ್ಲಾಸು ಓದುತ್ತಿದ್ದ ಕಾಲ. ಅಜ್ಜಿ ಇದೇ ಧನಿಷ್ಠಾ ನಕ್ಷತ್ರದಲ್ಲಿ ಸತ್ತು, ಮನೆಗೆ ಬೀಗ ಹಾಕಿ, ಮನೆಮಂದಿಯೆಲ್ಲ ಬಾಣಸವಾಡಿಯ ಒಂದೇ ಕೋಣೆಯಲ್ಲಿ ಒತ್ತಿಕೊಂಡು ಮಲಗುತ್ತಿದ್ದರು. ಶಾಲೆಯ ಹಳೆಯ ಉಗ್ರಾಣದಲ್ಲಿ ಮೇಷ್ಟ್ರು ರಟ್ಟು ಅಂಟಿಸಿ ಗುಮ್ಮಟ ಕಟ್ಟಿದ್ದರು. ದೀಪ ಆರಿಸಿದರೆ ಸಾಕು, ಅದರ ತುಂಬ ಆಕಾಶ.

"ಸಾರ್, ಧನಿಷ್ಠಾ ತೋರ್ಸಿ. ಅದಕ್ಕೆ ಬೈಬೇಕು."

"ಬೈಯಮ್ಮ. ಆದ್ರೆ ನಾನು ತೋರ್ಸಲ್ಲ, ನೀನೇ ಹುಡುಕು. ಶ್ರವಣ ಗೊತ್ತಲ್ಲ, ಅದ್ರ ಹತ್ರಾನೇ."

ಕತ್ತು ನೋಯುವ ತನಕ ಹುಡುಕಿದಳು. ಕೊನೆಗೆ ಸಿಕ್ಕಿತು: ಪುಟ್ಟ ಗಾಳಿಪಟದಂಥ ಗುಂಪು, ಕಂಡೂ ಕಾಣದ ಚುಕ್ಕಿಗಳು.

"ಇಷ್ಟೇನಾ ಸಾರ್?"

"ಇಷ್ಟೇ. ಪಾಪ, ಅದಕ್ಕೆ ಹಲಸೂರು ಎಲ್ಲೈತೆ ಅಂತಾನೂ ಗೊತ್ತಿಲ್ಲ. ಬೈ ಈಗ."

ನಾಲಿಗೆ ತುದಿಗೆ ಬಂದಿದ್ದ ಬೈಗುಳ ರೇವತಿಗೆ ಮರೆತೇಹೋಯಿತು.

*

ಹೆಣ ಎತ್ತುವಾಗ ಪದ್ಮಶ್ರೀ ಒಂದೇ ಮಾತು ಹೇಳಿದಳು.

"ಭಾವ, ಬೀಗ ಹಾಕೋದಾದ್ರೆ ನನ್ನ ಒಳಗಿಟ್ಟೇ ಹಾಕಿ."

ಹೆಣ ಹೋದ ಮನೆಯಲ್ಲಿ ಇರಲು ಮಾರಕ್ಕನಿಗೆ ಧೈರ್ಯ ಸಾಲಲಿಲ್ಲ. ಹೋಗಿ ಕಾರಿನಲ್ಲಿ ಕೂತಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬೀದಿಗಿಳಿದರು.

ಕಲ್ಪಳ್ಳಿ ಸ್ಮಶಾನದಿಂದ ಗಂಡಸರು ವಾಪಸಾದಾಗ ಸಂಜೆ ಬಿಸಿಲು. ಮನೆಯ ಬಾಗಿಲು, ಕಿಟಕಿಗಳೆಲ್ಲ ಹಾರು ಹೊಡೆದಿದ್ದವು. ಮುನಿಆಂಜನಪ್ಪ ಬೀಗ ಹಿಡಿದು ಒಳಗೆ ಕಾಲಿಟ್ಟವನು ಅಲ್ಲೇ ಕಂಬವಾದ. ತಮ್ಮನ ಹೆಣ ಮಲಗಿಸಿದ್ದ ಜಾಗದಲ್ಲಿ, ದೀಪದ ಪಕ್ಕ, ಚಾಪೆಯ ಮೇಲೆ ಪದ್ಮಶ್ರೀ ಬಿದ್ದಿದ್ದಳು. ಅಲುಗಾಟವಿಲ್ಲ.

"ಅಯ್ಯೋ, ಹೇಳ್ದೆ ಕಣೇ ನಾನು!" ಎಂದು ಅವನು ಬೊಬ್ಬೆ ಹೊಡೆದ. ಬೀದಿಯವರೆಲ್ಲ ಓಡಿ ಬಂದರು.

ಪದ್ಮಶ್ರೀ ಗೋಡೆಯ ಕಡೆಗೆ ಮಗ್ಗುಲು ಬದಲಿಸಿ, ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, ಗಂಡನ ಜೊತೆ ಆಸ್ಪತ್ರೆಯಲ್ಲಿ ಕೆಟ್ಟ ನಿದ್ದೆಯನ್ನೆಲ್ಲ ತೀರಿಸುವವಳಂತೆ ಗೊರಕೆ ಹೊಡೆಯತೊಡಗಿದಳು.